ಕರಿಮದ್ದಿನ ಕೋವಿಯ ಹವ್ಯಾಸ: ನೈಪುಣ್ಯ ಮತ್ತು ಅನರ್ಥ

ಯಾವುದೇ ಕೈಗೆಲಸವನ್ನು ವಿಮರ್ಶಿಸುವಾಗ ಎರಡು ಪ್ರಶ್ನೆಗಳು ಏಳುತ್ತವೆ. ಕೆಲಸವು ಚೆನ್ನಾಗಿ ನಡೆದಿದೆಯೇ ಎಂಬುದು ಮೊದಲನೆಯದು. ಆ ಕೆಲಸವು ನಡೆಯಬೇಕಾಗಿತ್ತೇ ಎಂಬುದು ಎರಡನೆಯದು. ಮೊದಲನೆಯದಕ್ಕೆ ಕುಶಲಕರ್ಮಿಯೊಬ್ಬನೇ ಉತ್ತರ ಹೇಳಬಲ್ಲನು. ಎರಡನೆಯದಕ್ಕೆ ಅವನ ಮನೆಯವರು, ನೆರೆಹೊರೆಯವರು ಮತ್ತು ಅವನದೇ ಅಂತಃಸಾಕ್ಷಿ ಕೂಡಿ ಉತ್ತರ ಹುಡುಕಬೇಕಾಗುತ್ತದೆ. ಅಮೆರಿಕದ ಸಂಯುಕ್ತ ಸಂಸ್ಥಾನಗಳಲ್ಲಿ ಅರ್ಧ ಶತಮಾನಕ್ಕೂ ಹೆಚ್ಚು ಕಾಲದಿಂದ ಬೆಳೆದುಬಂದಿರುವ ಒಂದು ಹವ್ಯಾಸವು ಈ ಎರಡು ಪ್ರಶ್ನೆಗಳನ್ನೂ ಒಟ್ಟಿಗೆ ಎತ್ತುತ್ತದೆ. ಹಳೆಯ ಮಾದರಿಯ ಕರಿಮದ್ದಿನ ಕೋವಿಗಳನ್ನು, ವಿಶೇಷವಾಗಿ ಅವುಗಳ ಹೊಸ ಪ್ರತಿಕೃತಿಗಳನ್ನು ಕೊಂಡುತಂದು, ಬಿಚ್ಚಿ, ಒಳಗಿನ ಯಂತ್ರವನ್ನು ಹದಗೊಳಿಸಿ, ಹೊರಮೈಯನ್ನು ಮನಸ್ಸಿಗೆ ಒಪ್ಪುವಂತೆ ಮರುಸಂಸ್ಕರಿಸುವುದೇ ಆ ಹವ್ಯಾಸ. ನಮ್ಮ ದೇಶದಲ್ಲಿ 1959ರ ಶಸ್ತ್ರಾಸ್ತ್ರ ಕಾಯಿದೆಯು ಕೇಪಿನ ಕೋವಿಗೂ ಪರವಾನಗಿಯನ್ನು ಬೇಡುವುದರಿಂದ ಇದು ಇಲ್ಲಿ ಮನೆಮಾತಾದ ವಿಷಯವಲ್ಲ. ಆದರೆ ಅಮೆರಿಕದಲ್ಲಿ ನೆಲೆಸಿದ ಜೈನ ಕುಟುಂಬದ ಹುಡುಗನೊಬ್ಬನು ಪಕ್ಕದ ಮನೆಯ ಕಾರುಕೊಟ್ಟಿಗೆಯಲ್ಲಿ ಇದನ್ನು ಕಂಡು, ಇದರಲ್ಲಿ ತಪ್ಪೇನು ಎಂದು ತಂದೆಯನ್ನು ಕೇಳಿದರೆ ಆಶ್ಚರ್ಯಪಡಬೇಕಾಗಿಲ್ಲ. ಆ ತಂದೆಗೆ ಸುಲಭದ ಉತ್ತರವು ದೊರೆಯಲಾರದು.

ಕರಿಮದ್ದು ಎಂಬುದು ಸರಳವಾದ ಮಿಶ್ರಣ. ನೂರು ಭಾಗದಲ್ಲಿ ಸುಮಾರು 75 ಭಾಗ ಪೆಟ್ಲುಪ್ಪು, 15 ಭಾಗ ಇದ್ದಿಲು, 10 ಭಾಗ ಗಂಧಕ. ಹಲವು ಶತಮಾನಗಳ ಕಾಲ ಜಗತ್ತಿನ ಯುದ್ಧಗಳೆಲ್ಲ ಈ ಮೂರು ಪದಾರ್ಥಗಳಿಂದಲೇ ನಡೆದುವು. 1884ರಲ್ಲಿ ಫ್ರಾನ್ಸಿನ ಪಾಲ್ ವಿಯೇಲ್ ಎಂಬ ರಸಾಯನಶಾಸ್ತ್ರಜ್ಞನು ಹೊಗೆಯಿಲ್ಲದ ಮದ್ದನ್ನು ಸಿದ್ಧಪಡಿಸಿದ ಮೇಲೆ ಕರಿಮದ್ದು ಸೈನ್ಯಗಳಿಂದ ಹಿಂದೆ ಸರಿಯಿತು. ಆದರೆ ಜನರ ನೆನಪಿನಿಂದ ಸರಿಯಲಿಲ್ಲ. 1933ರಲ್ಲಿ ಅಮೆರಿಕದಲ್ಲಿ ಬಾಯಿಮದ್ದಿನ ಕೋವಿಗಳ ರಾಷ್ಟ್ರೀಯ ಸಂಘವೊಂದು ಹುಟ್ಟಿತು. ಇಂಡಿಯಾನಾ ರಾಜ್ಯದ ಫ್ರೆಂಡ್‌ಶಿಪ್ ಎಂಬ ಹಳ್ಳಿಯು ಅದರ ಕೇಂದ್ರವಾಯಿತು. ಊರಿನ ಹೆಸರಿಗೂ ಅಲ್ಲಿ ನಡೆಯುವ ಕಾರ್ಯಕ್ಕೂ ಇರುವ ಅಂತರವನ್ನು ಓದುಗರೇ ಗಮನಿಸಬಹುದು. 1961ರಿಂದ 1965ರವರೆಗೆ ಅಮೆರಿಕದ ಅಂತರ್ಯುದ್ಧದ ಶತಮಾನೋತ್ಸವವು ನಡೆದಾಗ, ಹಳೆಯ ಸಮವಸ್ತ್ರವನ್ನು ತೊಟ್ಟು ಕದನಗಳನ್ನು ಅಭಿನಯಿಸುವ ಮಂಡಳಿಗಳು ಹೆಚ್ಚಿ, ಕೋವಿಗಳಿಗೆ ಬೇಡಿಕೆಯೂ ಹೆಚ್ಚಿತು. ಅಸಲು ಕೋವಿಗಳು ದುಬಾರಿ ಮತ್ತು ವಿರಳ. ಬೇಡಿಕೆಯನ್ನು ಪೂರೈಸಿದ್ದು ಇಟಲಿಯ ಗಾರ್ದೋನೆ ವಾಲ್ ತ್ರೋಂಪಿಯಾ ಎಂಬ ಕಣಿವೆಯ ಊರು. ಅಲ್ಲಿಯ ಬೆರೆಟ್ಟಾ ಮನೆತನವು 1526ರಲ್ಲಿಯೇ ವೆನಿಸ್ ನಗರದ ಶಸ್ತ್ರಾಗಾರಕ್ಕೆ 185 ನಳಿಕೆಗಳನ್ನು ಮಾರಿದ ಲೆಕ್ಕವು ಉಳಿದಿದೆ. ಅದೇ ಊರಿನಲ್ಲಿ 1959ರಲ್ಲಿ ಆರಂಭವಾದ ಉಬೆರ್ತಿ ಮೊದಲಾದ ಕಾರ್ಖಾನೆಗಳು ಕೋಲ್ಟ್ ಮತ್ತು ರೆಮಿಂಗ್ಟನ್ ರಿವಾಲ್ವರುಗಳ ಪ್ರತಿಕೃತಿಗಳನ್ನು ಹಡಗಿನಲ್ಲಿ ಕಳುಹಿಸತೊಡಗಿದುವು. 1968ರಲ್ಲಿ ಅಮೆರಿಕದ ಕೇಂದ್ರ ಶಾಸನವು ಬಂದೂಕುಗಳ ಮೇಲೆ ನಿಯಂತ್ರಣವನ್ನು ತಂದಾಗ, 1898 ಅಥವಾ ಅದಕ್ಕೆ ಮುಂಚೆ ತಯಾರಾದವುಗಳನ್ನೂ ಕರಿಮದ್ದಿನ ಅಂತಹ ಪ್ರತಿಕೃತಿಗಳನ್ನೂ ‘ಪ್ರಾಚೀನ’ ಎಂದು ಬೇರ್ಪಡಿಸಿ ಬಹುಮಟ್ಟಿಗೆ ಆಚೆಯಿರಿಸಿತು. ರಾಜ್ಯಗಳ ಕಟ್ಟಳೆಗಳು ಬೇರೆಬೇರೆಯಾದರೂ, ಹವ್ಯಾಸವು ಬೆಳೆಯಲು ಈ ಬಾಗಿಲು ಸಾಕಾಯಿತು.

ಈಗ ಕೆಲಸದ ಸ್ವರೂಪವನ್ನು ನೋಡಬೇಕು. 1851ರ ‘ನೇವಿ’ ಎಂಬ ಕೋಲ್ಟ್ ರಿವಾಲ್ವರಿನ ಪ್ರತಿಕೃತಿಯನ್ನು ಉದಾಹರಣೆಯಾಗಿ ತೆಗೆದುಕೊಳ್ಳಬಹುದು. ಅದರಲ್ಲಿ ತಿರುಗುವ ಸಿಲಿಂಡರಿಗೆ ಆರು ಕೋಣೆಗಳು. ಪ್ರತಿಯೊಂದು ಕೋಣೆಗೂ ಎದುರಿನಿಂದ ಮದ್ದನ್ನು ಸುರಿದು, ಸೀಸದ ಗುಂಡನ್ನು ಒತ್ತಿ, ಹಿಂಬದಿಯ ಮೊಲೆಯಂತಹ ತುದಿಗೆ ಕೇಪನ್ನು ಕೂರಿಸಬೇಕು. ಕುದುರೆಯನ್ನು ಹಿಂದಕ್ಕೆಳೆದಾಗ ಒಳಗಿನ ಪುಟ್ಟ ಕೈಯೊಂದು ಸಿಲಿಂಡರನ್ನು ಒಂದು ಕೋಣೆಯಷ್ಟು ತಿರುಗಿಸುತ್ತದೆ. ಚಿಲಕವೊಂದು ಕಚ್ಚಿಗೆ ಬಿದ್ದು ಅದನ್ನು ನಿಲ್ಲಿಸುತ್ತದೆ. ಈ ಚಿಲಕವು ಬೇಗ ಬಿದ್ದರೆ ಸಿಲಿಂಡರಿನ ಸುತ್ತ ಗೀರು ಮೂಡುತ್ತದೆ. ತಡವಾಗಿ ಬಿದ್ದರೆ ಕೋಣೆಯು ನಳಿಕೆಯ ನೇರಕ್ಕೆ ನಿಲ್ಲುವುದಿಲ್ಲ. ಕಾರ್ಖಾನೆಯು ಈ ಭಾಗಗಳನ್ನು ತಕ್ಕಮಟ್ಟಿಗೆ ಹೊಂದಿಸಿ ಕಳುಹಿಸುತ್ತದೆಯೇ ಹೊರತು, ಕೈಯಿಂದ ಒಂದೊಂದನ್ನೂ ಕೂಡಿಸುವುದಿಲ್ಲ. ಕೆಲವು ಪ್ರತಿಕೃತಿಗಳಲ್ಲಿ ನಳಿಕೆಯನ್ನು ಹಿಡಿದಿಡುವ ಅಚ್ಚುಕಂಬಿಯು ತನ್ನ ಕುಳಿಯ ತಳವನ್ನು ಮುಟ್ಟದಿರುವುದರಿಂದ, ಬೆಣೆಯನ್ನು ಸ್ವಲ್ಪ ಹೆಚ್ಚು ಬಡಿದರೂ ಸಿಲಿಂಡರು ಬಿಗಿದುಕೊಳ್ಳುತ್ತದೆ. ಹವ್ಯಾಸಿಯು ಅಲ್ಲಿಗೆ ತೆಳುವಾದ ಲೋಹದ ಬಿಲ್ಲೆಯನ್ನು ಕೂರಿಸುತ್ತಾನೆ, ಚಿಲಕದ ತುದಿಯನ್ನು ನಯವಾದ ಸಾಣೆಕಲ್ಲಿನಿಂದ ತೀಡುತ್ತಾನೆ, ಒಳಗಿನ ಮುಳ್ಳುಗಳನ್ನೆಲ್ಲ ತೆಗೆಯುತ್ತಾನೆ. ಅರದ ಎರಡು ಉಜ್ಜು ಹೆಚ್ಚಾದರೆ ಕುದುರೆಯ ಕಚ್ಚು ಸವೆದು, ಬೇಡದ ಹೊತ್ತಿನಲ್ಲಿ ಜಾರಿ ಕೋವಿ ಹಾರಬಹುದು. ತೆಗೆದ ಲೋಹವು ಮರಳಿ ಬರುವುದಿಲ್ಲವಾದುದರಿಂದ ಈ ಕೆಲಸದಲ್ಲಿ ಅವಸರಕ್ಕೆ ಎಡೆಯಿಲ್ಲ.

ಹೊರಮೈಯ ಸಂಸ್ಕಾರವು ಇನ್ನೂ ನಿಧಾನದ್ದು. ಕಾರ್ಖಾನೆಯ ದಪ್ಪನೆಯ ಕೆಂಪು ಮೆರುಗೆಣ್ಣೆಯನ್ನು ಹಿಡಿಯಿಂದ ಕೆರೆದು, ಆಕ್ರೋಟು ಮರಕ್ಕೆ ಅಗಸೆ ಎಣ್ಣೆಯನ್ನು ಅಂಗೈಯ ಬಿಸಿಯಿಂದ ಉಜ್ಜಿ, ಒಣಗಿಸಿ, ಮತ್ತೆ ಉಜ್ಜಬೇಕು; ಇದು ವಾರಗಟ್ಟಲೆ ಸಾಗುತ್ತದೆ. ಉಕ್ಕಿನ ಹೊಳಪಿನ ನೀಲಿಯನ್ನು ವಿನೆಗರಿನಂತಹ ಹುಳಿಯಿಂದ ಕಳೆದು, ತೇವದ ಪೆಟ್ಟಿಗೆಯಲ್ಲಿರಿಸಿ ಹದವಾಗಿ ತುಕ್ಕು ಹಿಡಿಸುತ್ತಾರೆ. ತುಕ್ಕನ್ನು ಹಾಗೆಯೇ ನಯಗೊಳಿಸಿದರೆ ಹದಿನೆಂಟನೆಯ ಶತಮಾನದ ಕಂದು ಬಣ್ಣವು ಬರುತ್ತದೆ. ಕುದಿಯುವ ನೀರಿನಲ್ಲಿ ಮುಳುಗಿಸಿದರೆ ಕೆಂಪು ತುಕ್ಕು ಕಪ್ಪಾಗಿ ಮಾರ್ಪಟ್ಟು, ಪದರ ಪದರವಾಗಿ ಆಳವಾದ ನೀಲಿಗಪ್ಪು ಮೂಡುತ್ತದೆ. ಲೋಹದ ಶತ್ರುವಾದ ತುಕ್ಕನ್ನೇ ಪಳಗಿಸಿ ಅದರ ರಕ್ಷೆಯನ್ನಾಗಿ ಮಾಡುವ ಈ ವಿಧಾನದಲ್ಲಿ ನಿಜವಾದ ಜಾಣತನವಿದೆ. ಕಾಲವನ್ನು ಬಲ್ಲ ಕೈಗೆ ಮಾತ್ರ ಇದು ಒಲಿಯುತ್ತದೆ. ವಿಮರ್ಶಕನು ಇಷ್ಟನ್ನು ಒಪ್ಪದೆ ಮುಂದೆ ಹೋದರೆ ಅನ್ಯಾಯವಾದೀತು.

ಆದರೆ ಬೆಂಚಿನ ಮೇಲಿರುವ ಸಾಮಗ್ರಿಗಳನ್ನೂ ಎಣಿಸಬೇಕು. ಕೋಲ್ಟಿನ ಚೌಕಟ್ಟಿನ ಮೇಲೆ ನವಿಲುಬಣ್ಣದಂತೆ ತೇಲುವ ಛಾಯೆಗಳನ್ನು ಹಳೆಯ ಕ್ರಮದಲ್ಲಿ ತರಿಸಬೇಕಾದರೆ, ಉಕ್ಕನ್ನು ಮೂಳೆಯ ಮತ್ತು ಚರ್ಮದ ಇದ್ದಿಲಿನಲ್ಲಿ ಹುದುಗಿಸಿ ಕಾಯಿಸಿ, ಒಮ್ಮೆಗೇ ನೀರಿಗೆ ಹಾಕಬೇಕು. ಹಿಡಿಗೆ ದಂತವನ್ನು ಬಳಸುವುದು ಹಿಂದಿನ ಸಿರಿವಂತರ ಪದ್ಧತಿಯಾಗಿತ್ತು; 1989ರಲ್ಲಿ ಆನೆದಂತದ ಅಂತರರಾಷ್ಟ್ರೀಯ ವ್ಯಾಪಾರವನ್ನು ನಿಷೇಧಿಸುವ ನಿರ್ಣಯವಾದ ತರುವಾಯ ಕೃತಕ ರಾಳವೂ ಜಿಂಕೆಯ ಕೊಂಬೂ ಅದರ ಸ್ಥಾನಕ್ಕೆ ಬಂದಿವೆ. ಗುಂಡಿಗೆ ಸವರುವ ಜಿಡ್ಡಿನ ಹಳೆಯ ಪಾಕದಲ್ಲಿ ಕುರಿಯ ಕೊಬ್ಬು ಮತ್ತು ಜೇನುಮೇಣಗಳಿವೆ. ಭಾರತೀಯರಿಗೆ ಈ ಜಿಡ್ಡಿನ ಕಥೆ ಹೊಸತಲ್ಲ. 1857ರಲ್ಲಿ ಸಿಪಾಯಿಗಳನ್ನು ಕೆರಳಿಸಿದ್ದು 1853ರ ಮಾದರಿಯ ಎನ್‌ಫೀಲ್ಡ್ ಕೋವಿಯ ತೋಟೆಗೆ ಸವರಿದ್ದ ಕೊಬ್ಬಿನ ಶಂಕೆ. ಅದೇ ಎನ್‌ಫೀಲ್ಡ್ ಕೋವಿಯ ಪ್ರತಿಕೃತಿಯು ಇಂದು ಅಮೆರಿಕದ ಅಭಿನಯ ಮಂಡಳಿಗಳ ಮೆಚ್ಚಿನ ವಸ್ತುಗಳಲ್ಲಿ ಒಂದು. ಅಂದಿನ ಸಿಪಾಯಿಯು ಒಂದು ಸಂಗತಿಯನ್ನು ಸರಿಯಾಗಿ ಗ್ರಹಿಸಿದ್ದನು: ಉಪಕರಣದ ಜೊತೆಗೆ ಅದರ ಸಾಮಗ್ರಿಯ ಮೂಲವೂ ಕೈಗೆ ಅಂಟುತ್ತದೆ.

ಇನ್ನು ದೋಷಗಳ ವಿಚಾರ. ಮೊದಲನೆಯದು ಸತ್ಯಕ್ಕೆ ಸಂಬಂಧಿಸಿದ್ದು. ಹೊಸ ಪ್ರತಿಕೃತಿಯನ್ನು ನೂರೈವತ್ತು ವರ್ಷ ಹಳೆಯದರಂತೆ ಕಾಣಿಸುವುದು ಈ ಹವ್ಯಾಸದ ಬಹು ಮೆಚ್ಚುಗೆಯ ಶಾಖೆ. ಇಟಲಿಯಲ್ಲಿ ತಯಾರಾದ ಪ್ರತಿಯೊಂದು ಕೋವಿಯೂ ಅಲ್ಲಿಯ ಸರ್ಕಾರಿ ಪರೀಕ್ಷಾಲಯದ ಮುದ್ರೆಯನ್ನೂ, ತಯಾರಾದ ವರ್ಷದ ಸಂಕೇತವನ್ನೂ, ಕಾರ್ಖಾನೆಯ ಹೆಸರನ್ನೂ ಹೊತ್ತು ಬರುತ್ತದೆ. ಅವುಗಳನ್ನು ಅರದಿಂದ ಅಳಿಸಿ, ಹಳೆಯ ಮುದ್ರೆಗಳನ್ನು ಒತ್ತಿ, ಸವೆತವನ್ನು ಹುಟ್ಟಿಸುತ್ತಾರೆ. ನಿಪುಣನಾದವನು ಎಲ್ಲೆಡೆಯೂ ಒಂದೇ ಸಮನೆ ಉಜ್ಜುವುದಿಲ್ಲ. ಚರ್ಮದ ಒರೆಯೊಳಗೆ ಹೋಗಿಬರುವ ನಳಿಕೆಯ ತುದಿಯಲ್ಲಿ, ಸಿಲಿಂಡರಿನ ಅಂಚಿನಲ್ಲಿ, ಅಂಗೈ ಒತ್ತುವ ಹಿಡಿಯ ಬೆನ್ನಿನಲ್ಲಿ ಮಾತ್ರ ಲೋಹವನ್ನು ತೇಯುತ್ತಾನೆ. ಎಂದೂ ಬದುಕಿರದ ಒಬ್ಬ ಸವಾರನ ಹತ್ತಾರು ವರ್ಷಗಳ ಬಾಳನ್ನು ಅವನು ಊಹಿಸಿ ಲೋಹದಲ್ಲಿ ಬರೆಯುತ್ತಾನೆ. ಕಲ್ಪನೆಯ ದೃಷ್ಟಿಯಿಂದ ಇದು ಸಣ್ಣ ಸಾಧನೆಯಲ್ಲ. ಆದರೆ ನಾಟಕದ ಪರದೆ ಎಳೆದ ಮೇಲೆ ನಟನು ವೇಷವನ್ನು ಕಳಚುತ್ತಾನೆ. ಈ ಕೋವಿ ಕಳಚುವುದಿಲ್ಲ. ಮಾಡಿದವನು ತೀರಿಕೊಂಡು ಅವನ ಪೆಟ್ಟಿಗೆಯನ್ನು ಹರಾಜಿಗಿಟ್ಟ ದಿನ ಆ ವಸ್ತುವು ತನ್ನ ಪರವಾಗಿ ಏನು ಸಾಕ್ಷಿ ಹೇಳುತ್ತದೆ? ಅಚೌರ್ಯವ್ರತದ ಅತಿಚಾರಗಳಲ್ಲಿ ತತ್ತ್ವಾರ್ಥಸೂತ್ರವು ಪ್ರತಿರೂಪಕ ವ್ಯವಹಾರವನ್ನು ಎಣಿಸುತ್ತದೆ: ಒಂದರ ರೂಪದಲ್ಲಿ ಮತ್ತೊಂದನ್ನು ನಡೆಸುವುದು. ತಕ್ಕಡಿ ಹಿಡಿದ ಮನೆತನಗಳಿಗೆ ಇದರ ಅರ್ಥವನ್ನು ವಿವರಿಸಬೇಕಾಗಿಲ್ಲ. ಹವ್ಯಾಸಿಗಳಲ್ಲಿ ಎಚ್ಚರವುಳ್ಳವರು ಒಳಭಾಗದಲ್ಲಿ ತಮ್ಮ ಗುರುತನ್ನೂ ಇಸವಿಯನ್ನೂ ಕೊರೆದಿಡುತ್ತಾರೆ. ಅಂತಹವರನ್ನು ಈ ದೋಷವು ಮುಟ್ಟುವುದಿಲ್ಲ.

ಇದಕ್ಕೆ ಹೋಲಿಸಿ ನೋಡಲು ಒಂದು ಒಳ್ಳೆಯ ಕೃತಿಯಿದೆ. ವರ್ಜೀನಿಯಾದ ಕಲೋನಿಯಲ್ ವಿಲಿಯಮ್ಸ್‌ಬರ್ಗ್ ಸಂಸ್ಥೆಯು 1969ರಲ್ಲಿ ಹೊರತಂದ ‘ಗನ್‌ಸ್ಮಿತ್ ಆಫ್ ವಿಲಿಯಮ್ಸ್‌ಬರ್ಗ್’ ಎಂಬ ಸಾಕ್ಷ್ಯಚಿತ್ರದಲ್ಲಿ ವಾಲೇಸ್ ಗಸ್ಲರ್ ಎಂಬ ಕುಶಲಕರ್ಮಿಯು ಕಬ್ಬಿಣದ ಪಟ್ಟಿಯನ್ನು ಕಾಯಿಸಿ ಸುತ್ತಿ ನಳಿಕೆಯನ್ನು ಬೆಸೆಯುವುದರಿಂದ ತೊಡಗಿ, ಒಳಗೆ ಸುರುಳಿಗೆರೆಗಳನ್ನು ಕೊರೆದು, ಹಿತ್ತಾಳೆಯನ್ನು ಎರಕಹೊಯ್ದು, ಮೇಪಲ್ ಮರವನ್ನು ಕೆತ್ತಿ, ಒಂದು ಇಡೀ ಕೋವಿಯನ್ನು ಹದಿನೆಂಟನೆಯ ಶತಮಾನದ ಉಪಕರಣಗಳಿಂದಲೇ ತಯಾರಿಸುತ್ತಾನೆ. ಚಿತ್ರದಲ್ಲಿ ಆಡಂಬರವಿಲ್ಲ, ಬೆಂಕಿ, ಸುತ್ತಿಗೆ ಮತ್ತು ಕೈಗಳೇ ಮಾತನಾಡುತ್ತವೆ. ಅಲ್ಲಿ ತಯಾರಾಗುವ ಕೋವಿಯು ತಾನು ಇಂದಿನದೆಂದು ಮರೆಮಾಚದೆ ಹೇಳುತ್ತದೆ. ಹಳೆಯದೆಂದರೆ ವಿದ್ಯೆ ಮಾತ್ರ. ಸತ್ಯದ ಪರೀಕ್ಷೆಯಲ್ಲಿ ಈ ಚಿತ್ರವು ಗೆಲ್ಲುತ್ತದೆ. ಜೊತೆಗೆ ಬಂದೂಕು ಸಂಗ್ರಾಹಕರಲ್ಲಿಯೇ ಒಂದು ಕಟ್ಟುನಿಟ್ಟಾದ ನಿಯಮವಿದೆ: ಅಸಲು ಪುರಾತನ ವಸ್ತುವಿನ ಹೊರಮೈಯನ್ನು ಮುಟ್ಟಬಾರದು, ಉಜ್ಜಿ ಹೊಳಪೇರಿಸಿದರೆ ಅದರ ಬೆಲೆಯೂ ಸಾಕ್ಷ್ಯವೂ ಒಟ್ಟಿಗೆ ನಾಶವಾಗುತ್ತವೆ. ಬಸದಿಗಳ ಹಳೆಯ ಕಂಚಿನ ಬಿಂಬಗಳನ್ನು ಹುಳಿಯಿಂದ ತಿಕ್ಕಿಸುವ, ಕೆತ್ತನೆಯ ಕಲ್ಲಿಗೆ ಎಣ್ಣೆಬಣ್ಣ ಬಳಿಸುವ ಆಡಳಿತ ಮಂಡಳಿಗಳು ಕೋವಿಯ ಸಂಗ್ರಾಹಕರಿಂದಲೂ ಈ ಒಂದು ಸಂಯಮವನ್ನು ಕಲಿಯಬಹುದಾಗಿದೆ.

ಎರಡನೆಯ ದೋಷವು ಮೊದಲನೆಯದಕ್ಕಿಂತ ಆಳವಾದುದು. ಅದು ಗಸ್ಲರನ ಸತ್ಯವಾದ ಕೋವಿಯನ್ನೂ ಬಿಡುವುದಿಲ್ಲ. ಹವ್ಯಾಸಿಗಳು ಸಾಮಾನ್ಯವಾಗಿ ಮೂರು ಸಮಾಧಾನಗಳನ್ನು ಕೊಡುತ್ತಾರೆ. ಇತಿಹಾಸವನ್ನು ಉಳಿಸುತ್ತಿದ್ದೇವೆ ಎಂಬುದು ಮೊದಲನೆಯದು. ಉಳಿಸುವುದು ನಿಜವೇ, ಆದರೆ ಯಾವ ಇತಿಹಾಸವನ್ನು? 1851ರ ಕೋಲ್ಟಿನ ಸಿಲಿಂಡರಿನ ಸುತ್ತ ಒಂದು ನೌಕಾಯುದ್ಧದ ಚಿತ್ರವಿದೆ. 1843ರ ಮೇ 16ರಂದು ಟೆಕ್ಸಸ್ ಮತ್ತು ಮೆಕ್ಸಿಕೋ ನೌಕಾಪಡೆಗಳ ನಡುವೆ ಕಾಂಪೆಚೆಯ ಬಳಿ ನಡೆದ ಕದನವದು. ಮರುಸಂಸ್ಕಾರ ಮಾಡುವವನು ಆ ಹಡಗುಗಳ ಹಾಯಿಪಟದ ಗೆರೆಯೂ ಅಳಿಯದಂತೆ ಜೋಪಾನ ಮಾಡುತ್ತಾನೆ. ಮುಳುಗಿದವರ ಗುರುತು ಅಲ್ಲಿಲ್ಲ. ಅಂತರ್ಯುದ್ಧದಲ್ಲಿ ಆರು ಲಕ್ಷಕ್ಕೂ ಮೀರಿ ಸೈನಿಕರು ಸತ್ತರು. ಅವರ ಇತಿಹಾಸವು ಕೋವಿಯ ಮೆರುಗಿನಲ್ಲಿ ಕಾಣಿಸುವುದಿಲ್ಲ.

ಮನಸ್ಸು ಏಕಾಗ್ರವಾಗುತ್ತದೆ, ಇದೊಂದು ಧ್ಯಾನ ಎಂಬುದು ಎರಡನೆಯ ಸಮಾಧಾನ. ಏಕಾಗ್ರತೆ ಇದೆ ಎಂಬುದರಲ್ಲಿ ಸಂಶಯವಿಲ್ಲ. ಆದರೆ ಜೈನಶಾಸ್ತ್ರವು ಧ್ಯಾನವನ್ನು ಆರ್ತ, ರೌದ್ರ, ಧರ್ಮ, ಶುಕ್ಲ ಎಂದು ನಾಲ್ಕಾಗಿ ವಿಂಗಡಿಸಿದ್ದರ ಕಾರಣವೇ ಇದು. ಕೆರೆಯ ದಡದಲ್ಲಿ ಒಂಟಿಗಾಲಿನಲ್ಲಿ ನಿಂತ ಕೊಕ್ಕರೆಗೂ ಏಕಾಗ್ರತೆಯುಂಟು. ಮನಸ್ಸು ನಿಂತಿತೇ ಎಂಬುದಕ್ಕಿಂತ ಯಾವುದರ ಮೇಲೆ ನಿಂತಿತು ಎಂಬುದು ಮುಖ್ಯ. ಹವ್ಯಾಸಿಯ ಮನಸ್ಸಿನಲ್ಲಿ ಕ್ರೌರ್ಯವಿದೆ ಎಂದು ಆರೋಪಿಸುವುದು ಸಲ್ಲದು. ಬಹುಮಂದಿ ಸೌಮ್ಯರು, ಲೋಹವನ್ನು ಪ್ರೀತಿಸುವವರು. ಅವರ ಏಕಾಗ್ರತೆಯು ತನ್ನಷ್ಟಕ್ಕೆ ಪುಣ್ಯವೂ ಆಗದು, ರಕ್ಷೆಯೂ ಆಗದು ಎಂದಷ್ಟೇ ಹೇಳಬಹುದು.

ಮೂರನೆಯ ಸಮಾಧಾನವು ಎಲ್ಲಕ್ಕಿಂತ ಪ್ರಬಲವಾಗಿ ಕಾಣುತ್ತದೆ. ಈ ಕೋವಿಯಿಂದ ಯಾರನ್ನೂ ಕೊಲ್ಲುವುದಿಲ್ಲ, ಕಾಗದದ ಗುರಿಗೆ ಹೊಡೆಯುತ್ತೇವೆ, ಇದರಿಂದ ಯಾವ ಪ್ರಯೋಜನವೂ ಇಲ್ಲ, ಕೇವಲ ಹವ್ಯಾಸ ಎಂಬುದು ಅದು. ಈ ಮಾತನ್ನು ಜೈನ ಶ್ರಾವಕಾಚಾರದ ಮುಂದಿರಿಸಿದಾಗ ಒಂದು ವಿಚಿತ್ರವು ಎದುರಾಗುತ್ತದೆ. ಜೈನಧರ್ಮವು ಗೃಹಸ್ಥನಿಗೆ ಶಸ್ತ್ರವನ್ನು ಎಲ್ಲ ಕಾಲಕ್ಕೂ ನಿಷೇಧಿಸಿದ ಧರ್ಮವಲ್ಲ. ಶ್ರವಣಬೆಳಗೊಳದಲ್ಲಿ ಸುಮಾರು 981ರಲ್ಲಿ ಗೊಮ್ಮಟನನ್ನು ನಿಲ್ಲಿಸಿದ ಚಾವುಂಡರಾಯನು ಗಂಗರ ಸೇನಾಪತಿಯಾಗಿದ್ದನು. ನಾಡಿನ ರಕ್ಷಣೆಗೆ ಎದುರಾಳಿಯನ್ನು ತಡೆಯುವಾಗ ಆಗುವ ವಿರೋಧಿಹಿಂಸೆಯನ್ನು, ಹಿಂಸೆಯೇ ಆದರೂ, ಗೃಹಸ್ಥನು ಪೂರ್ತಿಯಾಗಿ ತೊರೆಯಲಾರನೆಂದು ಆಚಾರ್ಯರು ಬಲ್ಲರು. ಆದರೆ ಅವರು ಬಿಡಲೇಬೇಕೆಂದು ವಿಧಿಸಿದ ಹಿಂಸೆಯೊಂದಿದೆ. ಅದರ ಹೆಸರು ಅನರ್ಥದಂಡ, ಪ್ರಯೋಜನವಿಲ್ಲದೆ ಮಾಡುವ ಪಾಪ. ಸಮಂತಭದ್ರಾಚಾರ್ಯರ ರತ್ನಕರಂಡಕ ಶ್ರಾವಕಾಚಾರವು ಅದನ್ನು ಐದು ಬಗೆಯಾಗಿ ಹೇಳಿ, ಕೊಡಲಿ, ಖಡ್ಗ, ಬೆಂಕಿ, ಆಯುಧ ಮೊದಲಾದ ಹಿಂಸೋಪಕರಣಗಳನ್ನು ಇತರರಿಗೆ ಕೊಡುವುದನ್ನು ಹಿಂಸಾದಾನವೆಂದು ಕರೆಯುತ್ತದೆ. ಹಾಗಾಗಿ, ಪ್ರಯೋಜನವಿಲ್ಲ ಎಂದು ಹವ್ಯಾಸಿಯು ಕೊಡುವ ಸಮಾಧಾನವೇ ಇಲ್ಲಿ ಆರೋಪದ ಮೊದಲ ವಾಕ್ಯವಾಗುತ್ತದೆ. ಸೇನಾಪತಿಯ ಖಡ್ಗಕ್ಕೆ ಹೇಳಿಕೊಳ್ಳಲು ಒಂದು ಕಾರಣವಿತ್ತು. ಈ ಕೋವಿಗೆ ಕಾರಣವೇ ಇಲ್ಲ.

ಯಾರಿಗೂ ನೋವಾಗದಿರುವಾಗ ಪಾಪವೆಲ್ಲಿ ಎಂದು ಕೇಳಬಹುದು. ತತ್ತ್ವಾರ್ಥಸೂತ್ರದ ಆರನೆಯ ಅಧ್ಯಾಯವು ಆಸ್ರವದ ಆಧಾರಗಳನ್ನು ಹೇಳುವಾಗ ಸಂರಂಭ, ಸಮಾರಂಭ, ಆರಂಭ ಎಂದು ಮೂರು ಮೆಟ್ಟಿಲುಗಳನ್ನು ಬೇರ್ಪಡಿಸುತ್ತದೆ. ಕಾರ್ಯವನ್ನು ಮನಸ್ಸಿನಲ್ಲಿ ಸಂಕಲ್ಪಿಸುವುದು ಸಂರಂಭ, ಸಾಧನಗಳನ್ನು ಸಜ್ಜುಗೊಳಿಸುವುದು ಸಮಾರಂಭ, ತೊಡಗುವುದು ಆರಂಭ. ಮನ, ವಚನ, ಕಾಯಗಳೊಡನೆಯೂ, ಮಾಡುವುದು, ಮಾಡಿಸುವುದು, ಮೆಚ್ಚುವುದು ಎಂಬ ಮೂರರೊಡನೆಯೂ, ನಾಲ್ಕು ಕಷಾಯಗಳೊಡನೆಯೂ ಗುಣಿಸಿದಾಗ ಇವು 108 ಆಗುತ್ತವೆ. ಅದೇ ಪ್ರಕರಣದಲ್ಲಿ ನಿರ್ಮಿಸುವುದನ್ನೂ ಜೋಡಿಸುವುದನ್ನೂ ಅಜೀವಾಧಿಕರಣಗಳೆಂದು ಎಣಿಸಲಾಗಿದೆ. ಕೋವಿಯನ್ನು ಹದಗೊಳಿಸುವುದೆಂದರೆ ಅದು ತಪ್ಪದೆ ಹಾರುವಂತೆ ಮಾಡುವುದು. ಒಡೆದ ಕೇಪಿನ ಚೂರು ಸಿಕ್ಕಿಕೊಳ್ಳದಿರಲಿ, ಆರೂ ಗುಂಡುಗಳು ನೇರಕ್ಕೆ ಹೋಗಲಿ ಎಂಬುದೇ ಅಲ್ಲಿಯ ಸೊಗಸಿನ ಅಳತೆ. ಕಾಗದಕ್ಕೂ ಎದೆಗೂ ವ್ಯತ್ಯಾಸವನ್ನು ಮಾಡುವ ಭಾಗವೊಂದು ಆ ಯಂತ್ರದಲ್ಲಿ ಇಲ್ಲ. ವ್ಯತ್ಯಾಸವು ಹಿಡಿದವನ ಮನಸ್ಸಿನಲ್ಲಿ ಮಾತ್ರ ಇದೆ, ಮತ್ತು ಹಿಡಿಯುವವನು ಸದಾ ಒಬ್ಬನೇ ಆಗಿರುವುದಿಲ್ಲ. ಉಕ್ಕು ನೂರು ವರ್ಷ ಬಾಳುತ್ತದೆ, ಹವ್ಯಾಸಿ ಬಾಳುವುದಿಲ್ಲ.

ಇಷ್ಟನ್ನು ಹೇಳಿದ ಮೇಲೆ ಬೆರಳು ಹೊರದೇಶದ ಕಡೆಗೆ ಮಾತ್ರ ಚಾಚಿದ್ದರೆ ವಿಮರ್ಶೆಯು ಪೂರ್ಣವಾಗದು. ಭಗವಾನ್ ಮಹಾವೀರರ ನಿರ್ವಾಣದ ಅಮಾವಾಸ್ಯೆಯಂದು ಜೈನರ ಮನೆಯಂಗಳದಲ್ಲಿಯೂ ಪಟಾಕಿ ಸಿಡಿಯುವುದುಂಟು. ಅದರ ಬತ್ತಿಯಲ್ಲಿ, ಆಕಾಶಬಾಣದ ಕೊಳವೆಯಲ್ಲಿ ಇರುವುದು ಅದೇ ಪೆಟ್ಲುಪ್ಪು, ಅದೇ ಇದ್ದಿಲು, ಅದೇ ಗಂಧಕ. ಗುಂಡು ಇಲ್ಲ ಎಂಬುದು ನಿಜ. ಆದರೆ ಗೂಡಿನಿಂದ ಬೆದರಿ ಹಾರುವ ಹಕ್ಕಿಗೂ ಬೆಂಕಿಗೆ ಬೀಳುವ ಹುಳುವಿಗೂ ಆ ವ್ಯತ್ಯಾಸವು ತಿಳಿಯದು. ಕೇವಲ ಸಂತೋಷಕ್ಕಾಗಿ, ಮಕ್ಕಳ ಆಟಕ್ಕಾಗಿ ಎಂದು ಅಲ್ಲಿ ಕೊಡುವ ಸಮಾಧಾನವು ಕೋವಿಯ ಹವ್ಯಾಸಿಯ ಸಮಾಧಾನವೇ ಆಗಿದೆ. ಅವನಲ್ಲಿಯಾದರೂ ವಾರಗಟ್ಟಲೆಯ ತಾಳ್ಮೆಯಿದೆ, ಕಲಿತ ವಿದ್ಯೆಯಿದೆ. ಪಟಾಕಿ ಹಚ್ಚುವವನಲ್ಲಿ ಅದೂ ಇಲ್ಲ.

ಆದುದರಿಂದ ಹುಡುಗನ ಪ್ರಶ್ನೆಗೆ ತಂದೆಯು ಕೊಡಬಹುದಾದ ಉತ್ತರವು ನೆರೆಯವನನ್ನು ಹಳಿಯುವುದರಿಂದ ತೊಡಗಬೇಕಾಗಿಲ್ಲ. ಆ ಬೆಂಚಿನ ಬಳಿ ಸ್ವಲ್ಪ ಹೊತ್ತು ನಿಂತು ಕೆಲಸವನ್ನು ನೋಡಬಹುದು. ಅರವನ್ನು ಎಲ್ಲಿ ನಿಲ್ಲಿಸಬೇಕೆಂಬ ವಿವೇಕ, ಅಗಸೆ ಎಣ್ಣೆ ಒಣಗುವವರೆಗೆ ಕಾಯುವ ಸಹನೆ, ಕಣ್ಣಿಗೆ ಬೀಳದ ಒಳಭಾಗವನ್ನೂ ನಯಗೊಳಿಸುವ ಪ್ರಾಮಾಣಿಕತೆ, ಇವು ಕಲಿಯತಕ್ಕ ಗುಣಗಳು. ಈ ಗುಣಗಳಿಗೆ ಕೋವಿಯೇ ಬೇಕೆಂದೇನೂ ಇಲ್ಲ. ಹಳೆಯ ಗಡಿಯಾರವೊಂದರ ಹಲ್ಲುಚಕ್ರ, ಸುಸ್ತಾದ ಹಾರ್ಮೋನಿಯಂನ ಹಿತ್ತಾಳೆಯ ನಾಲಗೆ, ಅಜ್ಜನ ಅಂಗಡಿಯ ತಕ್ಕಡಿಯ ಮುಳ್ಳು ಅಷ್ಟೇ ನಾಜೂಕಾದ ಕೈಯನ್ನು ಬೇಡುತ್ತವೆ. ತಕ್ಕಡಿಯನ್ನು ಹದಗೊಳಿಸಿದವನು ಅದನ್ನು ಯಾರ ಕೈಗೆ ಒಪ್ಪಿಸಿದರೂ ರಾತ್ರಿ ನಿದ್ದೆಗೆಡಬೇಕಾಗಿಲ್ಲ.